ಮಡಚುವ ಸೈಕಲ್ಲಿಗೆ ಏರು ಹತ್ತುವ ಗೇರು

ಪ್ರಶ್ನೆ: ನನಗೆ ಐವತ್ನಾಲ್ಕು ವರ್ಷ, ವಾಸ ಬೆಳಗಾವಿಯ ಟಿಳಕವಾಡಿಯಲ್ಲಿ. ಎರಡು ವರ್ಷದಿಂದ 20 ಇಂಚು ಚಕ್ರದ ಮಡಚುವ ಸೈಕಲ್ ಇಟ್ಟುಕೊಂಡಿದ್ದೇನೆ. ಅದನ್ನು ರೈಲಿನಲ್ಲಿ ಖಾನಾಪುರಕ್ಕೋ ಲೋಂಡಾಕ್ಕೋ ಒಯ್ದು ಅಲ್ಲಿಂದ ಓಡಿಸುವುದು ನನ್ನ ರೂಢಿ. ಮುಂದಿನ ಚೈನ್‌ವೀಲಿಗೆ 52 ಹಲ್ಲು, ಹಿಂದೆ 14ರಿಂದ 28 ಹಲ್ಲಿನ ಏಳು ಗೇರು. ಊರೊಳಗೆ ತೊಂದರೆಯಿಲ್ಲ. ಆದರೆ ಯಳ್ಳೂರಿನ ರಾಜಹಂಸಗಡದ ಏರಿನಲ್ಲಿ ಪ್ರತಿ ಸಲವೂ ಇಳಿದು ತಳ್ಳಬೇಕಾಗುತ್ತದೆ, ಮರುದಿನ ಮೊಣಕಾಲು ನೋಯುತ್ತದೆ. ಚಿಕ್ಕ ಚಕ್ರಕ್ಕೆ ಗುಡ್ಡ ಆಗಿಬರುವುದಿಲ್ಲ, ಬೇರೆ ಸೈಕಲ್ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಇದೇ ಸೈಕಲ್ಲಿನ ಗೇರು ಬದಲಿಸಿ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿಗೆ ಹೋಗಿಬರಲು ಸಾಧ್ಯವೇ? ನನ್ನ ತೂಕ 72 ಕಿಲೋ, ಸೈಕಲ್ 13 ಕಿಲೋ, ಚೀಲ 5 ಕಿಲೋ.

ಉತ್ತರ: ಸಾಧ್ಯವಿದೆ, ಬೇರೆ ಸೈಕಲ್ಲಿನ ಅಗತ್ಯವೂ ಇಲ್ಲ. ಅಂಗಡಿಯವರ ಮಾತಿನಲ್ಲಿ ಅರ್ಧ ಅನುಭವ, ಅರ್ಧ ಊಹೆ ಕೂಡಿಕೊಂಡಿದೆ. ಮಡಚುವ ಸೈಕಲ್ಲುಗಳು ಏರಿನಲ್ಲಿ ಸೋಲುವುದನ್ನು ಅವರು ಕಂಡಿದ್ದಾರೆ, ತಪ್ಪನ್ನು ಮಾತ್ರ ಚಕ್ರದ ಮೇಲೆ ಹೊರಿಸಿದ್ದಾರೆ. ಹಲ್ಲುಗಳ ಲೆಕ್ಕ ಹಾಗೆಯೇ ಇದ್ದರೆ, ಚಕ್ರ ಚಿಕ್ಕದಾದಷ್ಟೂ ಗೇರು ಹಗುರವೇ ಆಗುತ್ತದೆ. ಹಾಗೆ ಹಗುರವಾದ ಗೇರಿನಿಂದ ಸಪಾಟು ರಸ್ತೆಯಲ್ಲಿ ವೇಗ ಬರುವುದಿಲ್ಲವೆಂದು ತಯಾರಕರು ಮುಂದೆ 52 ಹಲ್ಲಿನ ದೊಡ್ಡ ಚೈನ್‌ವೀಲನ್ನು ಕೂರಿಸುತ್ತಾರೆ. ನಗರದ ಓಡಾಟಕ್ಕೆ ಅದು ಸರಿ, ಗುಡ್ಡದ ಬುಡಕ್ಕೆ ಬಂದಾಗ ಅದೇ ಕಾಲು ಕಟ್ಟುತ್ತದೆ.

ಗೇರಿನ ಭಾರವನ್ನು ಅಳೆಯಲು ಒಂದೇ ಸಂಖ್ಯೆ ಸಾಕು: ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿದಾಗ ಸೈಕಲ್ ಎಷ್ಟು ಮೀಟರ್ ಮುಂದೆ ಸಾಗುತ್ತದೆ ಎಂಬುದು. ಇದನ್ನು ಗೇರಿನ ನಡೆ ಎಂದು ಕರೆಯೋಣ. ಚಕ್ರದ ಸುತ್ತಳತೆಯನ್ನು ಮುಂದಿನ ಹಲ್ಲುಗಳಿಂದ ಗುಣಿಸಿ ಹಿಂದಿನ ಹಲ್ಲುಗಳಿಂದ ಭಾಗಿಸಿದರೆ ನಡೆ ಸಿಗುತ್ತದೆ. ಸಾಮಾನ್ಯ ದಪ್ಪದ ಟಯರ್ ಇರುವ 20 ಇಂಚಿನ ಚಕ್ರದ ಸುತ್ತಳತೆ ಸುಮಾರು 1.55 ಮೀಟರ್. ನಿಮ್ಮದನ್ನು ಅಳೆಯಬೇಕೆಂದರೆ ಟಯರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಸೈಕಲ್ ಮೇಲೆ ಕುಳಿತು, ಆ ಗೆರೆ ನೆಲದ ಮೇಲೆ ಎರಡು ಸಲ ಮೂಡಿಸುವ ಗುರುತುಗಳ ನಡುವಿನ ಅಂತರವನ್ನು ಟೇಪಿನಿಂದ ನೋಡಿ. ಈ ಲೆಕ್ಕದ ಪ್ರಕಾರ ನಿಮ್ಮ ಅತ್ಯಂತ ಹಗುರ ಗೇರು, ಅಂದರೆ 52ಕ್ಕೆ 28, ಪ್ರತಿ ಸುತ್ತಿಗೆ 2.88 ಮೀಟರ್ ಸಾಗುತ್ತದೆ.

ಇದು ಏಕೆ ಭಾರವಾಗುತ್ತದೆ ಎಂಬುದನ್ನು ನಿಮ್ಮದೇ ತೂಕ ಹಿಡಿದು ನೋಡೋಣ. ಗುಡ್ಡಗಾಡಿನ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಾಕಿಕೊಟ್ಟಿರುವ ಮಾನದಂಡದಲ್ಲಿ, ಕಡಿದಾದ ಪ್ರದೇಶಕ್ಕೆ ಸಾಮಾನ್ಯ ಏರು ನೂರಕ್ಕೆ 6, ತೀರ ಅನಿವಾರ್ಯವಾದ ಕಡೆ ನೂರಕ್ಕೆ 8. ಅಂದರೆ ನೂರು ಮೀಟರ್ ದಾರಿಗೆ ಎಂಟು ಮೀಟರ್ ಮೇಲೇರುವುದನ್ನು ಘಟ್ಟದ ದೊಡ್ಡ ರಸ್ತೆಯ ಕಷ್ಟದ ತುಣುಕು ಎಂದು ತಿಳಿಯಬಹುದು. ಸೈಕಲ್, ಚೀಲ ಸೇರಿ ನಿಮ್ಮ ಒಟ್ಟು ತೂಕ 90 ಕಿಲೋ. ಅಷ್ಟು ತೂಕವನ್ನು ನೂರಕ್ಕೆ 8ರ ಏರಿನಲ್ಲಿ ಎಳೆಯಲು, ಟಯರಿನ ಉಜ್ಜುವಿಕೆಯನ್ನೂ ಸೇರಿಸಿದರೆ, ಸುಮಾರು 78 ನ್ಯೂಟನ್ ಬಲ ಬೇಕು. ಸೈಕಲ್ ತುಳಿದು ರೂಢಿಯಿರುವ ನಿಮ್ಮ ಕಾಲುಗಳು ಏದುಸಿರು ಬಿಡದೆ 130 ವಾಟ್ ಕೊಡುತ್ತವೆ ಎಂದು ಇಟ್ಟುಕೊಂಡರೆ, ನಿಮ್ಮ ವೇಗ ಗಂಟೆಗೆ 6 ಕಿಲೋಮೀಟರ್. ಆ ವೇಗದಲ್ಲಿ ನಿಮಿಷಕ್ಕೆ ನೂರು ಮೀಟರ್ ಸಾಗುತ್ತೀರಿ, 2.88 ಮೀಟರ್ ನಡೆಯ ಗೇರಿನಲ್ಲಿ ಪೆಡಲ್ ನಿಮಿಷಕ್ಕೆ 35 ಸುತ್ತು ಮಾತ್ರ ತಿರುಗುತ್ತದೆ. ಕಾಲುಗಳಿಗೆ ಹಿತವಾದ ಲಯ ನಿಮಿಷಕ್ಕೆ 60ರಿಂದ 80 ಸುತ್ತು. ಅದರ ಅರ್ಧ ಲಯದಲ್ಲಿ ಅದೇ ಕೆಲಸ ಮಾಡಬೇಕಾದರೆ ಪ್ರತಿ ತುಳಿತಕ್ಕೂ ಎರಡು ಪಟ್ಟು ಒತ್ತಡ ಬೀಳುತ್ತದೆ. ಮರುದಿನದ ಮೊಣಕಾಲು ನೋವಿಗೆ ಬಹುಮಟ್ಟಿಗೆ ಇದೇ ಕಾರಣವಿರಬೇಕು. ಗೇರು ಹಗುರವಾದ ಮೇಲೂ ನೋವು ಉಳಿದರೆ ಸೀಟಿನ ಎತ್ತರವನ್ನೂ, ಆಮೇಲೆ ವೈದ್ಯರನ್ನೂ ನೋಡಿ.

ಸಾದಾ ಸೈಕಲ್ಲಿನವರು ಇಂಥ ಕಡೆ ಸೀಟು ಬಿಟ್ಟು ಎದ್ದು ನಿಂತು, ಹ್ಯಾಂಡಲ್ ಎಳೆದು ಹಿಡಿದು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿ ದಾಟಿಬಿಡುತ್ತಾರೆ. ಮಡಚುವ ಸೈಕಲ್ಲಿನಲ್ಲಿ ಈ ದಾರಿ ಇಲ್ಲವೆಂದೇ ತಿಳಿಯಿರಿ. ಹ್ಯಾಂಡಲಿನ ಉದ್ದ ಕಂಬ ಬುಡದಲ್ಲಿ ಒಂದು ಕೀಲಿನ ಮೇಲೆ ನಿಂತಿರುತ್ತದೆ. ಎದ್ದು ಎಳೆದಾಗ ಅದು ಬಾಗುತ್ತದೆ, ಕಿರುಗುಟ್ಟುತ್ತದೆ, ದಿನಗಳೆದಂತೆ ಕೀಲು ಸಡಿಲವಾಗುತ್ತದೆ. ಆದ್ದರಿಂದ ಮಡಚುವ ಸೈಕಲ್ ಸವಾರ ಕುಳಿತೇ ಗುಡ್ಡ ಹತ್ತಬೇಕು, ಕುಳಿತು ಹತ್ತುವವನಿಗೆ ಇತರರಿಗಿಂತ ಹಗುರವಾದ ಗೇರು ಬೇಕು. ತಯಾರಕರು ಕೊಟ್ಟಿರುವುದು ಇದಕ್ಕೆ ಸರಿಯಾಗಿ ತಿರುಗುಮುರುಗಾಗಿದೆ.

ಹಾಗಾದರೆ ಎಷ್ಟು ಹಗುರ? ಕೊನೆಯ, ಅಂದರೆ ಅತ್ಯಂತ ಹಗುರ, ಗೇರಿನ ನಡೆ 1.8 ಮೀಟರಿನ ಆಸುಪಾಸಿಗೆ ಬಂದರೆ ನಿಮಗೆ ಸಾಕು. ನೂರಕ್ಕೆ 8ರ ಏರಿನಲ್ಲಿ ನಿಮಿಷಕ್ಕೆ 55 ಸುತ್ತು ಬರುತ್ತದೆ. ನೂರಕ್ಕೆ 6ರ ಏರಿನಲ್ಲಿ ವೇಗ ಗಂಟೆಗೆ 7.8 ಕಿಲೋಮೀಟರಿಗೆ ಏರಿ 71 ಸುತ್ತು ಬರುತ್ತದೆ, ಅದು ಆರಾಮದ ಲಯ. 1.5 ಮೀಟರಿಗಿಂತ ಕೆಳಗೆ ಹೋಗುವುದರಿಂದ ನಿಮ್ಮಂಥವರಿಗೆ ಲಾಭ ಕಡಿಮೆ. ಗಂಟೆಗೆ 5 ಕಿಲೋಮೀಟರಿಗಿಂತ ನಿಧಾನವಾದರೆ ಚಿಕ್ಕ ಚಕ್ರದ ಸೈಕಲ್ ಅತ್ತಿತ್ತ ಓಲಾಡತೊಡಗುತ್ತದೆ, ಹಿಂದಿನಿಂದ ಲಾರಿ ಬರುವ ರಸ್ತೆಯಲ್ಲಿ ಅದಕ್ಕಿಂತ ಇಳಿದು ನಡೆಯುವುದು ಲೇಸು.

ಈಗ ಕೆಲಸದ ಮಾತು. ಮೊದಲು ಮುಟ್ಟಬೇಕಾದದ್ದು ಮುಂದಿನ ಚೈನ್‌ವೀಲನ್ನು. 52ರ ಜಾಗದಲ್ಲಿ 40 ಹಲ್ಲಿನದನ್ನು ಹಾಕಿದರೆ ಕೊನೆಯ ಗೇರು 2.88ರಿಂದ 2.21 ಮೀಟರಿಗೆ ಇಳಿಯುತ್ತದೆ. ಇದು ಹೊಸ ಉಪಾಯವೇನಲ್ಲ. 16 ಇಂಚು ಚಕ್ರದ ಬ್ರಾಂಪ್ಟನ್ ಸೈಕಲ್ ತಯಾರಿಸುವ ಲಂಡನ್ನಿನ ಕಂಪನಿಯವರೇ ಗುಡ್ಡದ ಊರಿನವರಿಗೆಂದು 50 ಹಲ್ಲಿನ ಬದಲು 44 ಹಲ್ಲಿನ ಚೈನ್‌ವೀಲನ್ನು ಬಹುಕಾಲದಿಂದ ಕೊಡುತ್ತ ಬಂದಿದ್ದಾರೆ. ಪೆಡಲನ್ನು ಹಿಡಿದಿರುವ ಕೈಯನ್ನು, ಅಂದರೆ ಕ್ರ್ಯಾಂಕನ್ನು, ಹತ್ತಿರದಿಂದ ನೋಡಿ. ಚೈನ್‌ವೀಲ್ ಐದು ಬೋಲ್ಟುಗಳಿಂದ ಕೂತಿದ್ದರೆ ನಿಮ್ಮ ಅದೃಷ್ಟ ಒಳ್ಳೆಯದು, ಚೈನ್‌ವೀಲ್ ಒಂದನ್ನೇ ಬದಲಿಸಬಹುದು. ಪಕ್ಕಪಕ್ಕದ ಎರಡು ಬೋಲ್ಟುಗಳ ನಡುಬಿಂದುಗಳ ಅಂತರ 76.4 ಮಿಲಿಮೀಟರ್ ಇದ್ದರೆ ಅದು ಬೋಲ್ಟುಗಳು 130 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿರುವ ಕ್ರ್ಯಾಂಕು, ಅದರ ಮೇಲೆ 38 ಹಲ್ಲಿಗಿಂತ ಚಿಕ್ಕದು ಕೂರುವುದಿಲ್ಲ, 64.7 ಮಿಲಿಮೀಟರ್ ಇದ್ದರೆ 110ರದ್ದು, 34ರವರೆಗೆ ಇಳಿಯಬಹುದು. ಬೋಲ್ಟುಗಳಿಲ್ಲದೆ ರಿವೆಟ್ ಹೊಡೆದಿದ್ದರೆ ಕ್ರ್ಯಾಂಕನ್ನೇ ಬದಲಿಸಬೇಕು. ಅಗ್ಗದ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇರುವುದು ರಿವೆಟ್ಟೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಕಡೆಯ ಸೈಕಲ್ ಅಂಗಡಿಗಳಲ್ಲಿ 44 ಹಲ್ಲಿನ ಚೈನ್‌ವೀಲ್ ಎಂದು ಕೇಳಿದರೆ, ಹಾಲಿನವರ ಹಳೆಯ ಕಪ್ಪು ಸೈಕಲ್ಲಿನದನ್ನು ತೆಗೆದುಕೊಡುವ ಸಂಭವವಿದೆ. ಅದು ಕಾಟರ್ ಪಿನ್, ಅಂದರೆ ಬೆಣೆಯಂಥ ಮೊಳೆ, ಹೊಡೆದು ಕೂರಿಸುವ ಜಾತಿಯದು, ಅದರ ಹಲ್ಲುಗಳು ಇಂಚಿನ ಎಂಟನೇ ಒಂದು ಭಾಗ ಅಗಲದ ಚೈನಿಗೆಂದು ಮಾಡಿದವು. ಗೇರ್ ಸೈಕಲ್ಲಿನ ಚೈನಿನ ಒಳ ಅಗಲ ಇಂಚಿನ ಮೂವತ್ತೆರಡನೇ ಮೂರು ಭಾಗ ಮಾತ್ರ. ಆ ದಪ್ಪ ಹಲ್ಲಿನ ಮೇಲೆ ಈ ಚೈನು ಕೂರುವುದಿಲ್ಲ, ಸುತ್ತಿಗೆಯಿಂದ ಕೂರಿಸಿದರೂ ಓಡುವುದಿಲ್ಲ.

ಹಾಗೆಂದು ಸ್ಥಳೀಯ ಅಂಗಡಿಯಲ್ಲಿ ಏನೂ ಸಿಗದೆಂದಲ್ಲ. ಕಾಲೇಜು ಹುಡುಗರು ಓಡಿಸುವ 21 ಗೇರಿನ ಸೈಕಲ್ಲುಗಳಲ್ಲಿ ಮುಂದೆ 42, 34, 24 ಹಲ್ಲಿನ ಮೂರು ಚೈನ್‌ವೀಲುಗಳ ಕ್ರ್ಯಾಂಕ್ ಇರುವುದು ಸಾಮಾನ್ಯ, ಬಿಡಿಭಾಗವಾಗಿಯೂ ಅದು ಸಿಗುತ್ತದೆ. ನಿಮ್ಮ ಸೈಕಲ್ಲಿನ ಬಿಬಿ ಆಕ್ಸಲಿನ (ಎರಡೂ ಕ್ರ್ಯಾಂಕುಗಳನ್ನು ಜೋಡಿಸುವ ನಡುಅಚ್ಚಿನ) ತುದಿ ಚೌಕವಾಗಿದ್ದರೆ ಈ ಕ್ರ್ಯಾಂಕ್ ಅದಕ್ಕೆ ಕೂರುತ್ತದೆ, ಒಳಗಿನ ಚಿಕ್ಕ ಚೈನ್‌ವೀಲ್ ಚೌಕಟ್ಟಿಗೆ ತಾಗದಂತೆ ಕೆಲವೊಮ್ಮೆ ಸ್ವಲ್ಪ ಉದ್ದದ ಆಕ್ಸಲ್ ಬೇಕಾಗಬಹುದು. ಮುಂದೆ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಹಾಕುವ ಗೊಡವೆ ಬೇಡ. ಮಡಚುವ ಸೈಕಲ್ಲಿನ ಸೀಟ್ ಕೊಳವೆ ತೀರ ದಪ್ಪ, ಸಾದಾ ಕ್ಲಾಂಪುಗಳು ಹಿಡಿಯುವುದಿಲ್ಲ, ಹಿಡಿಸಿದರೂ ಇನ್ನೊಂದು ಕೇಬಲ್ ಮಡಚುವಾಗ ಅಡ್ಡ ಬರುತ್ತದೆ. ಬದಲಿಗೆ ಸಪಾಟಿನಲ್ಲಿ 42ರ ಮೇಲೆ ಓಡಿಸಿ, ಗುಡ್ಡದ ಬುಡದಲ್ಲಿ ಒಂದು ಕ್ಷಣ ನಿಂತು, ಕಡ್ಡಿಯಿಂದಲೋ ಬೆರಳಿನಿಂದಲೋ ಚೈನನ್ನು 34ಕ್ಕೆ ಇಳಿಸಿಕೊಳ್ಳಿ. ಹಿಂದಿನ 28 ಹಲ್ಲು ಹಾಗೇ ಇದ್ದರೂ 1.88 ಮೀಟರಿನ ನಡೆ ಸಿಗುತ್ತದೆ. ಬೆರಳಿಗೆ ಮಸಿ ಹತ್ತುತ್ತದೆ, ಅಷ್ಟೆ. ದಿನಕ್ಕೆ ಎರಡೇ ದೊಡ್ಡ ಏರು ಇರುವ ಸವಾರಿಗೆ ಇಷ್ಟು ಸರಳವಾದ ವ್ಯವಸ್ಥೆಯನ್ನು ಜನ ಏಕೆ ತಳ್ಳಿಹಾಕುತ್ತಾರೋ ನನಗೆ ಅರ್ಥವಾಗಿಲ್ಲ.

ಪದೇ ಪದೇ ಏರಿಳಿತ ಬರುವ ರಸ್ತೆಗೆ ಮಾತ್ರ ಹಿಂದಿನ ಹಲ್ಲುಗಳನ್ನೂ ಬದಲಿಸುವುದು ಒಳ್ಳೆಯದು, ಜಾಂಬೋಟಿಯ ಕಾಡಿನ ದಾರಿ ಅಂಥದ್ದೇ. ಮೊದಲು ನಿಮ್ಮ ಹಿಂಚಕ್ರದಲ್ಲಿರುವುದು ಫ್ರೀವೀಲೋ (ಹಲ್ಲುಚಕ್ರಗಳ ಗುಂಪು ಹಬ್ಬಿಗೆ, ಅಂದರೆ ಚಕ್ರದ ನಡುಗುಂಬಕ್ಕೆ, ತಿರುಪಿನಂತೆ ಕೂರುವಂಥದ್ದು) ಕ್ಯಾಸೆಟ್ಟೋ (ಹಬ್ಬಿನ ಮೇಲೆ ಜಾರಿಸಿ ಕೂರಿಸುವಂಥದ್ದು) ತಿಳಿಯಬೇಕು. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಅತಿ ಚಿಕ್ಕ ಹಲ್ಲುಚಕ್ರದ ನಡುವಿನ ತೋಡುಗಳಿರುವ ಉಂಗುರವನ್ನು ನೋಡಿ. ಹಲ್ಲುಗಳ ಜೊತೆ ಅದೂ ತಿರುಗಿದರೆ ಕ್ಯಾಸೆಟ್, ಅದು ಸುಮ್ಮನೆ ನಿಂತಿದ್ದರೆ ಫ್ರೀವೀಲ್. 14–28ರ ಏಳು ಗೇರು ಎಂದಿರುವುದರಿಂದ ನಿಮ್ಮದು ಫ್ರೀವೀಲೇ ಇರಬೇಕು. ಅದರ ಜಾಗಕ್ಕೆ ಶಿಮಾನೋ ಕಂಪನಿಯ 14–34ರ ಏಳು ಗೇರಿನ ಫ್ರೀವೀಲ್ ನೇರವಾಗಿ ಕೂರುತ್ತದೆ, ಮೆಗಾರೇಂಜ್ ಎಂಬ ಹೆಸರಿನಲ್ಲಿ ಅದು ಪರಿಚಿತ. ಹ್ಯಾಂಡಲ್ ಮೇಲಿನ ಗೇರ್ ಶಿಫ್ಟರನ್ನು ಬದಲಿಸಬೇಕಾಗಿಲ್ಲ. ಅದರಲ್ಲಿ 24ರಿಂದ ಒಮ್ಮೆಲೇ 34ಕ್ಕೆ ಜಿಗಿತ, ಮೊದಲ ದಿನ ಕಾಲು ಗಾಳಿಯಲ್ಲಿ ತಿರುಗಿದಂತೆ ಅನಿಸುತ್ತದೆ. ಗುಡ್ಡದಲ್ಲಿ ಆ ಜಿಗಿತವೇ ಬೇಕಾದದ್ದು. ಮುಂದೆ 40, ಹಿಂದೆ 34 ಆದರೆ ನಡೆ 1.82 ಮೀಟರ್, ಅಂದರೆ ನಿಮ್ಮ ಈಗಿನ ಗೇರಿಗಿಂತ ನೂರಕ್ಕೆ 37ರಷ್ಟು ಹಗುರ. ನಿಮಗೆ ನಾನು ಹೇಳುವ ಜೋಡಿ ಇದೇ.

ಹಿಂದಿನ ಡಿರೇಲರ್ 34 ಹಲ್ಲನ್ನು ತಾಳುವಂಥದ್ದೇ ಎಂದು ಅದರ ಮೇಲಿನ ಮಾದರಿ ಸಂಖ್ಯೆ ನೋಡಿ ಖಚಿತಪಡಿಸಿಕೊಳ್ಳಿ. ತಾಳದಿದ್ದರೆ ಮೇಲಿನ ಪುಟ್ಟ ಚಕ್ರ ದೊಡ್ಡ ಹಲ್ಲಿಗೆ ಉಜ್ಜುತ್ತದೆ; ಸ್ವಲ್ಪ ಮಟ್ಟಿನ ಉಜ್ಜುವಿಕೆ ಬಿ-ಸ್ಕ್ರೂ (ಡಿರೇಲರಿಗೂ ಹಲ್ಲಿಗೂ ನಡುವಿನ ಅಂತರ ಹೊಂದಿಸುವ ತಿರುಪು) ಬಿಗಿದರೆ ಹೋಗುತ್ತದೆ. ಉದ್ದ ಕೈಯ ಡಿರೇಲರನ್ನು ಹಾಕಿಸುವ ಮೊದಲು ನೆಲದಿಂದ ಅದರ ಎತ್ತರ ನೋಡಬೇಕು. 20 ಇಂಚಿನ ಚಕ್ರದ ನಡುಬಿಂದು ನೆಲದಿಂದ 25 ಸೆಂಟಿಮೀಟರಿನಷ್ಟೇ ಮೇಲಿರುತ್ತದೆ, ಡಿರೇಲರಿನ ಕೈ ರಸ್ತೆಯಂಚಿನ ಕಲ್ಲು, ಕಡ್ಡಿ, ಲಂಟಾನಾ ಬೇಲಿಗೆ ಸುಲಭವಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ಚೈನ್‌ವೀಲಿನ ಸೈಕಲ್ಲಿನಲ್ಲಿ ಡಿರೇಲರ್ ಎಳೆದುಕೊಳ್ಳಬೇಕಾದ ಚೈನಿನ ಸಡಿಲ 34ರಿಂದ 14 ಕಳೆದರೆ ಉಳಿಯುವ 20 ಹಲ್ಲಿನಷ್ಟೇ ಇರುವುದರಿಂದ ಮಧ್ಯಮ ಕೈಯದೇ ಸಾಕು.

ಫ್ರೀವೀಲ್ ಬಿಚ್ಚುವ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರತಿ ತುಳಿತವೂ ಅದನ್ನು ಇನ್ನಷ್ಟು ಬಿಗಿಯುತ್ತದೆ. ಎರಡು ವರ್ಷ ತುಳಿದ ಫ್ರೀವೀಲ್ ಹಬ್ಬಿಗೆ ಕಚ್ಚಿಕೊಂಡಿರುತ್ತದೆ. ನನ್ನ ಮೊದಲ ಮಡಚುವ ಸೈಕಲ್ಲಿನದನ್ನು ಒಬ್ಬ ಮೆಕ್ಯಾನಿಕ್ ಉಳಿ, ಸುತ್ತಿಗೆ ಹಿಡಿದು ಬಿಚ್ಚಲು ಹೋಗಿ, ತೋಡುಗಳನ್ನೆಲ್ಲ ಕೆಡಿಸಿ, ಕೊನೆಗೆ ಚಕ್ರವನ್ನೇ ಬದಲಿಸಬೇಕಾಯಿತು. ಸರಿಯಾದ ರಿಮೂವರನ್ನು (ಫ್ರೀವೀಲ್ ಬಿಚ್ಚುವ ಉಪಕರಣವನ್ನು) ಆ ತೋಡುಗಳಲ್ಲಿ ಕೂರಿಸಿ, ಅದು ಜಾರದಂತೆ ಆಕ್ಸಲಿನ ನಟ್ಟಿನಿಂದ ಮೆಲ್ಲಗೆ ಒತ್ತಿ ಹಿಡಿದು, ರಿಮೂವರನ್ನು ಬೆಂಚ್ ವೈಸಿಗೆ ಕಚ್ಚಿಸಿ, ಚಕ್ರವನ್ನೇ ಸ್ಟೀರಿಂಗಿನಂತೆ ಎಡಕ್ಕೆ ತಿರುಗಿಸಬೇಕು. ಒಮ್ಮೆ ಸಡಿಲಿಸಿದ ಕೂಡಲೇ ನಟ್ಟು ತೆಗೆಯಿರಿ, ಇಲ್ಲದಿದ್ದರೆ ಆಕ್ಸಲ್ ಮುರಿಯುತ್ತದೆ. ಚಕ್ರ ಚಿಕ್ಕದಾದ್ದರಿಂದ ಕೈಗೆ ಸಿಗುವ ಸನ್ನೆಯೂ ಚಿಕ್ಕದು, ಇಬ್ಬರು ಬೇಕಾಗಬಹುದು. ಸೈಕಲ್ ಅಂಗಡಿಯಲ್ಲಿ ಗಟ್ಟಿ ವೈಸ್ ಇಲ್ಲದಿದ್ದರೆ ಉದ್ಯಮಬಾಗಕ್ಕೆ ಒಯ್ಯಿರಿ. ಎರಕದ ಕಾರ್ಖಾನೆಗಳೂ ಲೇಥ್ ಶಾಪುಗಳೂ ಸಾಲುಸಾಲಾಗಿರುವ ಆ ಬಡಾವಣೆಯಲ್ಲಿ ವೈಸಿಗೆ ಬರವಿಲ್ಲ. ಹೊಸ ಫ್ರೀವೀಲ್ ಕೂರಿಸುವಾಗ ಮರೆಗೆ, ಅಂದರೆ ತಿರುಪಿನ ಗೆರೆಗಳಿಗೆ, ಗ್ರೀಸ್ ಸವರಿ, ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ. ಅಲ್ಯೂಮಿನಿಯಂ ಹಬ್ಬಿನ ಮರೆ ಅಡ್ಡ ಹತ್ತಿದರೆ ಮತ್ತೆ ಸರಿಹೋಗದು.

ಚೈನಿನ ಉದ್ದದ ಬಗ್ಗೆ ಹೇಳುವುದಾದರೆ, ಮುಂದೆ 12 ಹಲ್ಲು ಕಡಿಮೆಯಾಗಿ ಹಿಂದೆ 6 ಹೆಚ್ಚಾದ ಮೇಲೆ ನಿವ್ವಳ ಕಡಿತ 6 ಹಲ್ಲು, ಅದರ ಅರ್ಧದಷ್ಟು ಅಂದರೆ ಮೂರು ಕೊಂಡಿ ಹೆಚ್ಚಾಗುತ್ತದೆ. ಚೈನಿನಿಂದ ಜೋಡಿ ಕೊಂಡಿಗಳನ್ನೇ ತೆಗೆಯಬೇಕಾದ್ದರಿಂದ ಎರಡು ತೆಗೆದರೆ ಸಾಕು. ಆದರೆ ಹಳೆಯ ಚೈನನ್ನು ಹೊಸ ಫ್ರೀವೀಲಿನ ಮೇಲೆ ಓಡಿಸುವ ಮೊದಲು ಅಳೆಯಿರಿ: 24 ಕೊಂಡಿಗಳ ಉದ್ದ ಹೊಸದರಲ್ಲಿ 304.8 ಮಿಲಿಮೀಟರ್, ಅದು 307 ದಾಟಿದ್ದರೆ ಚೈನನ್ನೂ ಬದಲಿಸಿ. ಸವೆದ ಚೈನು ಹೊಸ ಹಲ್ಲಿನ ಮೇಲೆ ಏರಿನಲ್ಲೇ ಜಿಗಿಯುತ್ತದೆ, ತುಳಿತದ ಒತ್ತಡ ಹೆಚ್ಚಿರುವುದು ಅಲ್ಲಿಯೇ.

ಇಷ್ಟರಿಂದ ನೀವು ಕಳೆದುಕೊಳ್ಳುವುದು ಮೇಲಿನ ತುದಿಯನ್ನು. ಈಗ 52ಕ್ಕೆ 14ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 31 ಕಿಲೋಮೀಟರ್ ವೇಗ. 40ಕ್ಕೆ 14ರಲ್ಲಿ ಅದು 24. ಇಳಿಜಾರಿನಲ್ಲಿ ಯಾರೂ ತುಳಿಯುವುದಿಲ್ಲ, ಟಿಳಕವಾಡಿಯ ರೈಲ್ವೆ ಗೇಟುಗಳ ನಡುವೆ 24 ದಾಟುವ ಅವಕಾಶವೂ ಸಿಗದು. ಹಿಂಗಾಳಿಯ ದಿನ ಧಾರವಾಡದ ಹೆದ್ದಾರಿಯಲ್ಲಿ ಮಾತ್ರ ಅದರ ಕೊರತೆ ಕಾಣುತ್ತದೆ. ಅದು ಸಹಿಸಲಾಗದಿದ್ದರೆ 11–34 ಹಲ್ಲಿನ ಏಳು ಗೇರಿನ ಫ್ರೀವೀಲ್ ತರಿಸಿಕೊಳ್ಳಬೇಕು. ಮುಂದೆ 40 ಇದ್ದರೂ 11ರ ಮೇಲೆ 5.64 ಮೀಟರ್ ನಡೆ ಬರುತ್ತದೆ, ನಿಮ್ಮ ಹಳೆಯ 5.76ಕ್ಕೆ ಹೆಚ್ಚುಕಡಿಮೆ ಸಮ.

ಹಬ್ಬಿನೊಳಗೆ ಗೇರು ಅಡಗಿಸುವ ದಾರಿಯನ್ನು ಬಹಳ ಜನ ಕೇಳುತ್ತಾರೆ. 1902ರಲ್ಲಿ ಇಂಗ್ಲೆಂಡಿನ ನಾಟಿಂಗ್ಹ್ಯಾಮಿನಲ್ಲಿ ಶುರುವಾದ ಸ್ಟರ್ಮೀ-ಆರ್ಚರ್ ಹೆಸರಿನ ಮೂರು ಗೇರಿನ ಹಬ್ಬು ಗಟ್ಟಿಮುಟ್ಟು, ಆದರೆ ಅದರ ಕೆಳಗಿನ ಗೇರು ನಡುವಿನದಕ್ಕಿಂತ ನೂರಕ್ಕೆ 25ರಷ್ಟೇ ಹಗುರ. ಗುಡ್ಡಕ್ಕೆ ಅದೊಂದೇ ಸಾಲದು. ಶಿಮಾನೋ ನೆಕ್ಸಸ್ ಎಂಟು ಗೇರಿನ ಹಬ್ಬನ್ನು 40 ಮತ್ತು 20 ಹಲ್ಲಿನ ನಡುವೆ ಹಾಕಿದರೆ 1.63ರಿಂದ 5 ಮೀಟರಿನವರೆಗೆ ನಡೆ ಸಿಗುತ್ತದೆ, ನೇತಾಡುವ ಡಿರೇಲರೂ ಇರುವುದಿಲ್ಲ. ಆದರೆ ಅದರ ತೂಕ ಸುಮಾರು ಎರಡು ಕಿಲೋ, ಚಕ್ರವನ್ನು ಮೊದಲಿನಿಂದ ಕಟ್ಟಬೇಕು, ಲೋಂಡಾದ ಹಾದಿಯಲ್ಲಿ ಕೆಟ್ಟರೆ ಯಾರೂ ಮುಟ್ಟುವುದಿಲ್ಲ. ಹಿಂದಿನ ರಿಮ್ ಸವೆದು ಚಕ್ರ ಬದಲಿಸುವ ಕಾಲ ಬಂದಾಗ ಯೋಚಿಸಿ. ಬಿಬಿ ಆಕ್ಸಲಿನ ಜಾಗದಲ್ಲೇ ಕೂತು ಗೇರನ್ನು ಎರಡೂವರೆ ಪಟ್ಟು ಹಗುರ ಮಾಡುವ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಶ್ಲುಂಫ್ ಸಾಧನವೂ ಇದೆ, ಅದರ ಬೆಲೆಗೆ ನಿಮ್ಮ ಸೈಕಲ್ಲಿನಂಥದ್ದು ಇನ್ನೊಂದು ಬಂದೀತು.

ಚೋರ್ಲಾದ ವಿಷಯಕ್ಕೆ ಬರುತ್ತೇನೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಅಲ್ಲಿಂದ ಚೋರ್ಲಾದವರೆಗೆ ರಸ್ತೆ ಘಟ್ಟದ ಮೇಲೆಯೇ ಏರಿಳಿಯುತ್ತ ಹೋಗುತ್ತದೆ, ನಿಜವಾದ ಇಳಿತ ಅದರಾಚೆ ಗೋವೆಯ ಕಡೆಗೆ. ಕರಾವಳಿಯವರು ಬೆಳಿಗ್ಗೆ ತಾಜಾ ಕಾಲಿನಿಂದ ಘಟ್ಟ ಹತ್ತಿ ಸಂಜೆ ಇಳಿದು ಮನೆ ಸೇರುತ್ತಾರೆ. ನಮಗೆ ಅದು ಉಲ್ಟಾ: ಬೆಳಿಗ್ಗೆ ಇಳಿಯುತ್ತೇವೆ, ದಣಿದ ಮೇಲೆ ಹತ್ತುತ್ತೇವೆ. ಆದ್ದರಿಂದ ಬೆಳಗಾವಿಯವರು ಗೇರನ್ನು ಬೆಳಗಿನ ಹುಮ್ಮಸ್ಸಿನ ಲೆಕ್ಕದಲ್ಲಿ ಆರಿಸಬಾರದು. ಮೇಲಿನ 130 ವಾಟ್ ಮಧ್ಯಾಹ್ನದ ಬಿಸಿಲಿಗೆ 100ಕ್ಕೆ ಇಳಿದರೆ ನೂರಕ್ಕೆ 8ರ ಏರಿನಲ್ಲಿ ನಿಮ್ಮ ವೇಗ ಗಂಟೆಗೆ 4.6 ಕಿಲೋಮೀಟರ್, ಆಗ 1.82ರ ಗೇರಿನಲ್ಲೂ 42 ಸುತ್ತಷ್ಟೇ ಬರುತ್ತದೆ, ಸೈಕಲ್ ಓಲಾಡುತ್ತದೆ. ಹಾಗಾಗಿ ಮೊದಲ ಸಲ ಚೋರ್ಲಾದಿಂದಲೇ ಹಿಂದಿರುಗಿ. ಕೆಳಗಿಳಿದರೆ ಬ್ರೇಕನ್ನು ಒಂದೇ ಸಮನೆ ಹಿಡಿಯದೆ ಬಿಟ್ಟು ಬಿಟ್ಟು ಹಿಡಿಯಬೇಕು, ಚಿಕ್ಕ ರಿಮ್ಮಿನಲ್ಲಿ ಲೋಹ ಕಡಿಮೆಯಾದ್ದರಿಂದ ಅದು ಬೇಗ ಕಾಯುತ್ತದೆ. ಚೀಲವನ್ನು ಹಿಂದಿನ ಕ್ಯಾರಿಯರಿನಿಂದ ತೆಗೆದು ಮುಂದೆ ಕಟ್ಟಿ. ಏರಿನಲ್ಲಿ ಮುಂಚಕ್ರ ಹಗುರವಾಗಿ ದಿಕ್ಕು ತಪ್ಪುವುದು ಅದರಿಂದ ಕಡಿಮೆಯಾಗುತ್ತದೆ.

ಮೊದಲ ಪರೀಕ್ಷೆಯನ್ನು ರಾಜಹಂಸಗಡದಲ್ಲೇ ಮಾಡಿ. ಕೋಟೆಯ ರಸ್ತೆಗಳು ಹೆದ್ದಾರಿಯ ಮಾನದಂಡಕ್ಕೆ ಕಾಯುವುದಿಲ್ಲ, ಕೆಲವು ತಿರುವು ನೂರಕ್ಕೆ 8ಕ್ಕಿಂತ ಕಡಿದಾಗಿದ್ದರೆ ಅಲ್ಲಿ ಇಳಿದು ನಡೆಯಲು ಸಂಕೋಚ ಬೇಡ. ಮನೆಯಲ್ಲಿ ಮೊದಲು ಸೈಕಲ್ಲನ್ನು ಎರಡು ಮೂರು ಸಲ ಮಡಚಿ ಬಿಚ್ಚಿ ನೋಡಿ. ಚೈನ್‌ವೀಲ್ ಚಿಕ್ಕದಾದ ಮೇಲೆ ಹಳೆಯ ಚೈನ್ ಗಾರ್ಡಿಗೂ ಹಲ್ಲಿಗೂ ನಡುವೆ ಜಾಗ ಹೆಚ್ಚುವುದರಿಂದ ಮಡಚಿದಾಗ ಚೈನು ಕಳಚಿಬೀಳಬಹುದು, ಹಾಗಾದರೆ ಅಳತೆಗೆ ತಕ್ಕ ಗಾರ್ಡನ್ನು ಎರಡೂ ಬದಿಗೆ ಹಾಕಿಸಿ. ಕ್ರ್ಯಾಂಕ್ ಬದಲಿಸಿದ್ದರೆ ಮೊದಲ ಐವತ್ತು ಕಿಲೋಮೀಟರಿನ ನಂತರ ಅದರ ಎರಡೂ ಬೋಲ್ಟುಗಳನ್ನು ಪಾನಾ ಹಿಡಿದು ಮತ್ತೊಮ್ಮೆ ಬಿಗಿಯಿರಿ. ಚೌಕ ಆಕ್ಸಲಿನ ಮೇಲೆ ಹೊಸ ಕ್ರ್ಯಾಂಕ್ ಸ್ವಲ್ಪ ಒಳಗೆ ಸರಿದು ಕೂರುತ್ತದೆ, ಸಡಿಲವಾಗಿಯೇ ತುಳಿದರೆ ಅದರ ಚೌಕ ತೂತು ದುಂಡಗಾಗಿ ಕ್ರ್ಯಾಂಕೇ ಹಾಳಾಗುತ್ತದೆ.